ಗಾಳಿಗೆ ಬಿದ್ದ ಹಲಸಿನ ಮರದಲ್ಲಿ ಗೊಂಬೆಗಳ ಶೋಕೇಸ್ ಮಾಡಬಹುದೇ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಹೋದ ಮಳೆಗಾಲದಲ್ಲಿ ತೋಟದ ಅಂಚಿನ ಹಳೆಯ ಹಲಸಿನ ಮರ ಗಾಳಿಗೆ ಬಿತ್ತು. ನವೆಂಬರ್‌ನಲ್ಲಿ ಸಾಮಿಲ್ಲಿಗೆ ಹಾಕಿ ಒಂದೂಕಾಲು ಇಂಚಿನ ಹಲಗೆ ಕೊಯ್ಸಿದೆವು. ಈಗ ಫೆಬ್ರುವರಿ. ಹಲಗೆಗಳನ್ನು ಕೊಟ್ಟಿಗೆಯ ಗೋಡೆಗೆ ಒಂದಕ್ಕೊಂದು ಒರಗಿಸಿ ಇಟ್ಟಿದ್ದೇವೆ. ಅತ್ತೆಯ ಕಾಲದ ದಸರಾ ಗೊಂಬೆಗಳು ಟ್ರಂಕಿನಲ್ಲೇ ಇವೆ. ಪಟ್ಟದ ಗೊಂಬೆ, ಮಣ್ಣಿನ ಗೊಂಬೆ, ಚನ್ನಪಟ್ಟಣದ್ದು, ಒಂದಷ್ಟು ಹಿತ್ತಾಳೆ ವಿಗ್ರಹ. ವರ್ಷವಿಡೀ ಕಾಣುವ ಹಾಗೆ 4 ಅಡಿ ಅಗಲ, 6 ಅಡಿ ಎತ್ತರದ ಗಾಜಿನ ಶೋಕೇಸ್ ಮಾಡುವ ಆಸೆ. ಯಜಮಾನರು ತಾವೇ ಮಾಡುತ್ತೇನೆ ಅಂತಿದ್ದಾರೆ. ಪಕ್ಕದ ಮನೆಯವರು “ಹಲಸಿಗೆ ಕುಟ್ಟೆ ಹಿಡಿಯುತ್ತೆ, ವಾಟರ್‌ಪ್ರೂಫ್ ಪ್ಲೈವುಡ್ ಹಾಕಿ” ಅಂದರು. ಊರಿನ ಆಚಾರ್ರು “ಮೊದಲು ಕೆರೆಯಲ್ಲಿ ಮುಳುಗಿಸಬೇಕಿತ್ತು” ಅಂದರು. ಗಾಜಿನ ಅಂಗಡಿಯವರು “ಟಫನ್ಡ್ ಗಾಜು ಹಾಕಿ, 4 ಅಡಿಗೂ ಬಗ್ಗಲ್ಲ” ಅಂದರು. ಯಾರ ಮಾತು ಕೇಳೋದು? ಈ ದಸರಾಕ್ಕೆ ಆಗುತ್ತಾ?

ಉತ್ತರ: ಮೂವರ ಪೈಕಿ ನಿಮ್ಮ ಆಚಾರ್ರ ಮಾತಿನಲ್ಲಿ ನಿಜ ಜಾಸ್ತಿ ಇದೆ, ಗಾಜಿನ ಅಂಗಡಿಯವರ ಮಾತಿನಲ್ಲಿ ಕಡಿಮೆ. ಆದರೆ ಮನೆಯಲ್ಲಿ ಮಾಡಿದ ಶೋಕೇಸ್‌ಗಳನ್ನು ನಿಜವಾಗಿ ಕೆಡಿಸುವ ಸಂಗತಿಯನ್ನು ಮೂವರೂ ಹೇಳಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಕೆಲಸ ಇದೆ, ಇವತ್ತೇ ಮಾಡಿ: ಆ ಹಲಗೆಗಳನ್ನು ಗೋಡೆಯಿಂದ ತೆಗೆಯಿರಿ.

ಒರಗಿಸಿಟ್ಟ ಹಸಿ ಹಲಗೆ ತನ್ನ ಭಾರಕ್ಕೇ ಬಿಲ್ಲಿನ ಹಾಗೆ ಬಾಗುತ್ತದೆ, ಬಾಗಿದ ಹಾಗೆಯೇ ಒಣಗುತ್ತದೆ. ಆಮೇಲೆ ಅದನ್ನು ಎಷ್ಟು ತೋಪಡ (ಮರ ಹೆರೆಯುವ ಉಪಕರಣ) ಹೊಡೆದರೂ ಒಂದೂಕಾಲು ಇಂಚಿನದ್ದು ಅರ್ಧ ಇಂಚಿಗೆ ಬರುತ್ತದೆಯೇ ಹೊರತು ನೆಟ್ಟಗಾಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡಿರುವ ಕಡೆ ಗಾಳಿಯಾಡದೆ ಬೂಷ್ಟು ಹಿಡಿದು ಕಪ್ಪು ಕಲೆ ಬೀಳುತ್ತದೆ. ನೆರಳಿರುವ, ಗಾಳಿಯಾಡುವ ಜಾಗದಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ದಿಮ್ಮಿ ಇಟ್ಟು ಮಟ್ಟ ಮಾಡಿಕೊಳ್ಳಿ. ಅದರ ಮೇಲೆ ಹಲಗೆಗಳನ್ನು ಮಲಗಿಸಿ. ಎರಡು ಹಲಗೆಗಳ ನಡುವೆ ಒಂದಿಂಚಿನ ಒಣ ರೀಪುಗಳನ್ನು ಒಂದೂವರೆ ಅಡಿಗೊಂದರಂತೆ ಇಡಿ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಇರಬೇಕು. ಎಲ್ಲದರ ಮೇಲೆ ನಾಲ್ಕು ಕಲ್ಲು ಹೇರಿ. ಹಲಗೆಯ ಎರಡು ತುದಿಗಳಿಗೆ ಹಳೆಯ ಪೇಂಟ್ ಬಳಿಯಿರಿ. ಮರದ ನೀರು ತುದಿಯಿಂದ ಬಲು ಬೇಗ ಹೋಗುತ್ತದೆ, ಅದಕ್ಕೇ ಒಣಗುವಾಗ ಸೀಳು ಬೀಳುವುದು ಹೆಚ್ಚಾಗಿ ತುದಿಯಲ್ಲೇ.

ಇನ್ನು ಕುಟ್ಟೆಯ ವಿಚಾರ. ಮೈದಾ ಹಿಟ್ಟಿನಂಥ ಪುಡಿ ಉದುರಿಸುವ, ಒಂದೆರಡು ಮಿಲಿಮೀಟರ್ ತೂತು ಕೊರೆಯುವ ಹುಳ ತಿನ್ನುವುದು ಮರದ ಗಟ್ಟಿತನವನ್ನಲ್ಲ, ಅದರಲ್ಲಿರುವ ಪಿಷ್ಟವನ್ನು. ಪಿಷ್ಟ ಇರುವುದು ಹೊರಗಿನ ಬಿಳಿ ಭಾಗದಲ್ಲಿ. ಒಳಗಿನ ಹಳದಿ ಕೆಚ್ಚಿನಲ್ಲಿ ಅದಕ್ಕೆ ಊಟವೇ ಇಲ್ಲ. ಹಾಗಾಗಿ “ಹಲಸಿಗೆ ಕುಟ್ಟೆ ಹಿಡಿಯುತ್ತೆ” ಅನ್ನುವುದಕ್ಕಿಂತ “ಹಲಸಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತೆ” ಅನ್ನುವುದು ಸರಿ. ಇದು ತೇಗಕ್ಕೂ ಅನ್ವಯಿಸುತ್ತದೆ. ತೇಗ ಅಂತ ಬಿಳಿ ಅಂಚನ್ನೂ ಸೇರಿಸಿ ಕಪಾಟು ಮಾಡಿಸಿಕೊಂಡು, ಎರಡು ವರ್ಷಕ್ಕೆ ಪುಡಿ ಉದುರಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಳೆಯ ಹಲಸಿನ ಕೆಚ್ಚು ಒಳ್ಳೆಯ ಮರ. ಗೆದ್ದಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ವೀಣೆಗೂ ಮೃದಂಗಕ್ಕೂ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ಆಚಾರ್ರು ಹೇಳಿದ ಕೆರೆಯ ಮಾತಿಗೆ ಕಾರಣವೂ ಇದೇ. ಹಸಿ ಮರವನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿದರೆ ಬಿಳಿ ಭಾಗದ ಸಕ್ಕರೆ, ಪಿಷ್ಟ ಎಷ್ಟೋ ಕಡಿಮೆಯಾಗುತ್ತದೆ. ಬಿದಿರಿಗೂ ಹಿಂದಿನವರು ಹೀಗೇ ಮಾಡುತ್ತಿದ್ದರು. ಆದರೆ ಅದು ದಿಮ್ಮಿ ಹಸಿಯಿದ್ದಾಗ ಆಗಬೇಕಿದ್ದ ಕೆಲಸ. ಮೂರು ತಿಂಗಳು ಒಣಗಿದ ಹಲಗೆಯನ್ನು ಈಗ ಕೆರೆಗೆ ಹಾಕಿದರೆ ಒಣಗಿದ್ದೆಲ್ಲ ದಂಡ. ಅಮಾವಾಸ್ಯೆಯಲ್ಲಿ ಕಡಿದ ಮರಕ್ಕೆ ಹುಳ ಬೀಳುವುದಿಲ್ಲ ಎಂದು ಇನ್ನೊಬ್ಬರು ಹೇಳಬಹುದು. ಆ ವಾದಕ್ಕೆ ನಾನು ಇಳಿಯುವುದಿಲ್ಲ. ನಿಮ್ಮ ಮರವನ್ನು ಬೀಳಿಸಿದ ಗಾಳಿ ಪಂಚಾಂಗ ನೋಡಿರಲಿಲ್ಲ ಅಲ್ವಾ.

ನೀವು ಮಾಡಬೇಕಾದ್ದು ಸುಲಭ. ಹಲಗೆಯ ಬಿಳಿ ಅಂಚನ್ನು ಕತ್ತರಿಸಿ ಸೌದೆಗೆ ಹಾಕಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಹಾಕಿ. ಎಲ್ಲೋ ಸ್ವಲ್ಪ ಬಿಳಿ ಉಳಿಸಿಕೊಳ್ಳಲೇಬೇಕು ಎಂದಾದರೆ, ಬಿಳಿಗಾರ ಮತ್ತು ಬೋರಿಕ್ ಪುಡಿಯ ನೀರು ಬಳಿಯಿರಿ. ಕೇರಂ ಬೋರ್ಡಿಗೆ ಉದುರಿಸುವುದು ಈ ಬೋರಿಕ್ ಪುಡಿಯನ್ನೇ. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಪುಡಿ. ಕೈಗೆ ಗ್ಲೌಸ್ ಇರಲಿ, ಮಕ್ಕಳು, ದನಕರು ಹತ್ತಿರ ಬರದಿರಲಿ. ಒಂದು ಮಿತಿ ಇದೆ: ಹಸಿ ಮರದಲ್ಲಿ ಇದು ಆಳಕ್ಕೆ ಇಳಿಯುತ್ತದೆ, ಒಣ ಮರದಲ್ಲಿ ಮೇಲ್ಮೈಯಲ್ಲೇ ನಿಲ್ಲುತ್ತದೆ. ಸೀಮೆಎಣ್ಣೆ ಬಳಿಯುವ ಅಭ್ಯಾಸ ಇನ್ನೂ ಇದೆ. ಅದು ನಾಲ್ಕು ದಿನಕ್ಕೆ ಆವಿಯಾಗಿ ಹೋಗುತ್ತದೆ, ಹುಳ ಉಳಿಯುತ್ತದೆ, ಮೇಲೆ ಪಾಲಿಶ್ ಮಾತ್ರ ಕೂರುವುದಿಲ್ಲ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಮಾಡಿನ ಪಕಾಸಿಗೆ ಚೆನ್ನ. ಶೋಕೇಸಿಗೆ ಬಳಿದರೆ ಕಪ್ಪಾಗುತ್ತದೆ, ಬಳಿದವರ ಕೈಯೂ ಸುಡುತ್ತದೆ.

ಪಕ್ಕದ ಮನೆಯವರ ವಾಟರ್‌ಪ್ರೂಫ್ ಪ್ಲೈವುಡ್ ಬಗ್ಗೆಯೂ ಒಂದು ಮಾತು. ಪ್ಲೈವುಡ್ ಮೇಲಿನ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯುಆರ್ (ಕುದಿನೀರು ತಡೆಯುವುದು), ಐಎಸ್ 710 (ಮೆರೈನ್ ಪ್ಲೈ) ಎಂಬ ಗುರುತುಗಳಲ್ಲಿ ಮುಖ್ಯ ವ್ಯತ್ಯಾಸ ಪದರಗಳನ್ನು ಹಿಡಿದಿರುವ ಅಂಟಿನದು. ಕುದಿಯುವ ನೀರಿಗೆ ಹಾಕಿದರೂ ಆ ಅಂಟು ಬಿಡಬಾರದು ಅನ್ನುವುದು ಬಿಡಬ್ಲ್ಯುಆರ್ ಅರ್ಥ. ಅಂಟು ಗಟ್ಟಿ ಅಂದಮಾತ್ರಕ್ಕೆ ಒಳಗಿನ ಮರಕ್ಕೆ ಹುಳ ಬೀಳುವುದಿಲ್ಲ ಅಂತಲ್ಲ. ಒಳಪದರಕ್ಕೆ ಔಷಧಿ ಕಾಣದ ಮೆತ್ತನೆಯ ಮರ ಹಾಕಿದ ಅಗ್ಗದ ಪ್ಲೈಗೆ ಕುಟ್ಟೆ ಹಿಡಿದರೆ ನಿಮ್ಮ ಹಲಸಿನ ಕೆಚ್ಚಿಗಿಂತ ಬೇಗ ಮುಗಿಯುತ್ತದೆ. ಆದರೂ ಪ್ಲೈವುಡ್‌ಗೆ ಒಂದು ದೊಡ್ಡ ಗುಣ ಇದೆ. ಮೂವರೂ ಹೇಳದ ಸಂಗತಿ ಅಂದೆನಲ್ಲ, ಅದು ಈ ಗುಣದ್ದೇ ಮಾತು.

ಮರ ಉಸಿರಾಡುತ್ತದೆ ಅಂತ ಹೇಳುತ್ತಾರೆ. ಉಸಿರಾಡುವುದಿಲ್ಲ, ನೀರು ಕುಡಿಯುತ್ತದೆ. ಕಡಿದು ಐವತ್ತು ವರ್ಷವಾದರೂ ಮಳೆಗಾಲದಲ್ಲಿ ಗಾಳಿಯ ತೇವ ಹೀರಿಕೊಂಡು ಹಿಗ್ಗುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ನಿಮ್ಮ ಕಡೆ ಏಪ್ರಿಲ್‌ನಲ್ಲಿ ಶೇಕಡಾ 10–12 ತೇವ ಇರುವ ಹಲಗೆ ಆಗಸ್ಟ್ ಹೊತ್ತಿಗೆ 17–18ಕ್ಕೆ ಏರಬಹುದು. ಉದ್ದಕ್ಕೆ ಅದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಬದಲಾಗುವುದೆಲ್ಲ ಅಡ್ಡಕ್ಕೆ. ಒಂದಡಿ ಅಗಲದ ಹಲಗೆ ಒಂದು ವರ್ಷದಲ್ಲಿ 2ರಿಂದ 4 ಮಿಲಿಮೀಟರ್‌ವರೆಗೆ ಹಿಗ್ಗಿ ಕುಗ್ಗುತ್ತದೆ. ಕಣ್ಣಿಗೆ ಇದು ಏನೂ ಅಲ್ಲ. ಆದರೆ ಅದನ್ನು ಅಂಟು, ಸ್ಕ್ರೂ ಹಾಕಿ ಕಟ್ಟಿಹಾಕಿದರೆ ಎಲ್ಲೋ ಒಂದು ಕಡೆ ಸೀಳಲೇಬೇಕು.

ಕೆಲಸ ಶುರು ಮಾಡಿದ ಹೊಸದರಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಶೋಕೇಸ್ ಮಾಡಿಕೊಟ್ಟಿದ್ದೆ. ಮೇಲ್ಭಾಗಕ್ಕೆ ಹದಿನಾಲ್ಕು ಇಂಚಿನ ಒಂದೇ ಹಲಗೆ. ಎರಡೂ ತುದಿಗೆ ಅಡ್ಡಪಟ್ಟಿ ಇಟ್ಟು, ಫೆವಿಕಾಲ್ ಸುರಿದು, ಸಾಲದು ಅಂತ ಆರಾರು ಸ್ಕ್ರೂ ಜಡಿದೆ. ಗಟ್ಟಿಯಾಗಲಿ ಅಂತ! ಮಾಡಿದ್ದು ಆಗಸ್ಟ್‌ನಲ್ಲಿ. ಮುಂದಿನ ಮಾರ್ಚ್‌ನಲ್ಲಿ ಮನೆಯವರ ಫೋನು: ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯಿತು, ನೋಡಿದರೆ ಹಲಗೆ ನಡುವೆ ಬಿರುಕು ಬಿಟ್ಟಿದೆ. ಮರ ಚೆನ್ನಾಗಿಯೇ ಇತ್ತು. ಅದು ಕುಗ್ಗಲು ಹೊರಟಾಗ ನನ್ನ ಅಡ್ಡಪಟ್ಟಿ ಬಿಡಲಿಲ್ಲ, ಅಷ್ಟೇ.

ನಿಮ್ಮ ಮನೆ ಹಳೆಯದಾದರೆ ಬಾಗಿಲುಗಳನ್ನು ಒಮ್ಮೆ ನೋಡಿ. ಸುತ್ತ ಚೌಕಟ್ಟು, ಚೌಕಟ್ಟಿನ ಒಳಅಂಚಿನಲ್ಲಿ ಗಾಡಿ (ಉದ್ದಕ್ಕೆ ಕೊರೆದ ಕಾಲುವೆ), ಆ ಗಾಡಿಯಲ್ಲಿ ಹಲಗೆ ಸುಮ್ನೆ ಕೂತಿರುತ್ತದೆ. ಅಂಟಿಲ್ಲ, ಮೊಳೆಯಿಲ್ಲ. ಮಳೆಗಾಲದಲ್ಲಿ ಒಳಗೇ ಹಿಗ್ಗುತ್ತದೆ, ಬೇಸಿಗೆಯಲ್ಲಿ ಒಳಗೇ ಕುಗ್ಗುತ್ತದೆ. ನಿಮ್ಮ ಶೋಕೇಸಿಗೂ ಇದೇ ಪಾಠ. ಅಗಲ ಹಲಗೆ ಎಲ್ಲೂ ಬೇಡ. ಎರಡೂವರೆ ಇಂಚಿನ ಪಟ್ಟಿಗಳಲ್ಲಿ ಚೌಕಟ್ಟು ಮಾಡಿ, ನಡುವೆ ಗಾಜನ್ನೋ ಪ್ಲೈಯನ್ನೋ ಕೂರಿಸಿ. ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಟಿಸಿರುವುದರಿಂದ ಪ್ಲೈವುಡ್ ಹಿಗ್ಗುವುದು ತೀರಾ ಕಡಿಮೆ. ಆ ದೊಡ್ಡ ಗುಣ ಅಂದದ್ದು ಇದನ್ನೇ.

ಹಾಗಾದರೆ ಯಾವುದರಲ್ಲಿ ಮಾಡುವುದು? ಪೂರ್ತಿ ಹಲಸಿನಲ್ಲೇ ಮಾಡಬಹುದು. ನೋಡಲು ಅದರಷ್ಟು ಚೆಂದ ಬೇರೆ ಇಲ್ಲ. ಆದರೆ ಹಿಂಬದಿಯ ದೊಡ್ಡ ಹಲಗೆಗಳನ್ನೂ ಗಾಡಿ ಹೊಡೆದು ಬಿಡಿಯಾಗಿ ಕೂರಿಸಬೇಕು. ಹೊಸಬರ ಕೈಯಲ್ಲಿ ಅದು ಕಷ್ಟ, ಈ ವರ್ಷಕ್ಕೆ ಮುಗಿಯುವುದೂ ಅನುಮಾನ. ಪೂರ್ತಿ ಪ್ಲೈ ಮತ್ತು ಮೈಕಾದಲ್ಲಿ ಮಾಡಿದರೆ ವಾರದಲ್ಲಿ ಮುಗಿಯುತ್ತದೆ, ಬಾಗಿಲು ಬಿಗಿಯಾಗುವ ರಗಳೆಯೂ ಇಲ್ಲ. ಆದರೆ ಕತ್ತರಿಸಿದ ಅಂಚಿಗೆ ಪಟ್ಟಿ ಸರಿಯಾಗಿ ಕೂರದಿದ್ದರೆ ನೆಲ ಒರೆಸುವ ನೀರಿಗೆ ಅಂಚು ಉಬ್ಬುತ್ತದೆ, ತೋಟದ ಮರ ಅಟ್ಟದ ಮೇಲೇ ಉಳಿಯುತ್ತದೆ. ನಾನಾಗಿದ್ದರೆ ಎರಡನ್ನೂ ಬೆರೆಸುತ್ತಿದ್ದೆ: ಚೌಕಟ್ಟು, ಬಾಗಿಲು, ಕಾಲು ಹಲಸಿನದು. ಹಿಂಬದಿ 9 ಮಿಲಿಮೀಟರ್ ಬಿಡಬ್ಲ್ಯುಆರ್ ಪ್ಲೈ. ಪಕ್ಕ, ಮುಂಭಾಗ, ಗೊಂಬೆ ಇಡುವ ಅಡ್ಡ ತಟ್ಟೆಗಳು ಗಾಜು. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಮಾತ್ರ ಬೇಡ. ನಿಮ್ಮ ಮಳೆಗೆ ಅದು ನೆನೆದ ಬಿಸ್ಕತ್ತು.

ಈಗ ಗಾಜು. ಟಫನ್ಡ್ ಗಾಜು ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ ಅನ್ನುವುದು ನಿಜ. ಒಡೆದರೆ ಚೂರಿಯಂತೆ ಸೀಳದೆ ಕಲ್ಲುಸಕ್ಕರೆಯಂಥ ಹರಳುಗಳಾಗಿ ಉದುರುತ್ತದೆ ಅನ್ನುವುದೂ ನಿಜ. ಮಕ್ಕಳಿರುವ ಮನೆಗೆ ಅದನ್ನೇ ಹಾಕಿ. ಆದರೆ ಬಗ್ಗುವುದೇ ಬೇರೆ, ಒಡೆಯುವುದೇ ಬೇರೆ. ಒಂದೇ ದಪ್ಪದ ಮಾಮೂಲಿ ಗಾಜು, ಟಫನ್ಡ್ ಗಾಜು ಎರಡೂ ಒಂದೇ ಭಾರಕ್ಕೆ ಒಂದೇ ಅಷ್ಟು ಬಗ್ಗುತ್ತವೆ. ಲೆಕ್ಕ ಹಾಕಿ ನೋಡಿದೆ. ಒಂದಡಿ ಆಳ, 4 ಅಡಿ ಉದ್ದದ 6 ಮಿಲಿಮೀಟರ್ ಗಾಜು. ಎರಡು ತುದಿಗೆ ಮಾತ್ರ ಆಸರೆ. ಮೇಲೆ 10 ಕಿಲೋ ಹಿತ್ತಾಳೆ ಹರಡಿದ್ದೀರಿ. ಗಾಜಿನದೇ ಭಾರ 5 ಕಿಲೋಗೂ ಮೇಲೆ. ನಡುವೆ ಸುಮಾರು 9 ಮಿಲಿಮೀಟರ್ ಜೋತು ಬೀಳುತ್ತದೆ. ಒಡೆಯಲಿಕ್ಕಿಲ್ಲ. ಆದರೆ ಬೊಂಬೆಗಳೆಲ್ಲ ನಡುವಿನ ಕಡೆ ವಾಲಿ ನಿಂತಿರುತ್ತವೆ, ಬಂದವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. 8 ಮಿಲಿಮೀಟರ್ ಹಾಕಿದರೆ 4 ಚಿಲ್ಲರೆಗೆ ಇಳಿಯುತ್ತದೆ, ಆದರೆ ಭಾರ ಜಾಸ್ತಿ, ದುಡ್ಡೂ ಜಾಸ್ತಿ.

ಅದರ ಬದಲು ನಡುವೆ ಒಂದು ಕಂಬ ನಿಲ್ಲಿಸಿ, ಎರಡೆರಡು ಅಡಿಯ ತಟ್ಟೆ ಮಾಡಿ. ಅದೇ 6 ಮಿಲಿಮೀಟರ್ ಗಾಜು ಆಗ ಅರ್ಧ ಮಿಲಿಮೀಟರ್ ಮಾತ್ರ ಬಗ್ಗುತ್ತದೆ. ಆಸರೆಗಳ ದೂರ ಅರ್ಧವಾದರೆ ಬಗ್ಗುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡು ಬಾಗಿಲು ಸೇರುವ ಕಡೆಯೇ ಈ ಕಂಬ ಬರುವುದರಿಂದ ನೋಟಕ್ಕೂ ಅಡ್ಡಿಯಿಲ್ಲ. ಹಿತ್ತಾಳೆಗೆ ಅಂತ ಕೆಳಗಿನ ತಟ್ಟೆಯನ್ನು ಮರದ್ದೇ ಮಾಡುವುದಾದರೆ ಅದರ ಮುಂದಂಚಿಗೆ ಒಂದೂವರೆ ಇಂಚಿನ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ತಟ್ಟೆಯ ಬಲ ಎರಡು ಪಟ್ಟಾದರೂ ಆಗುತ್ತದೆ. ಮರ ಗಾಜಿನ ಹಾಗಲ್ಲ. ಭಾರ ಹೇರಿ ಬಿಟ್ಟರೆ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಜೋತು ಬೀಳುತ್ತಲೇ ಹೋಗುತ್ತದೆ. ಪುಸ್ತಕದ ಕಪಾಟುಗಳ ಹೊಟ್ಟೆ ಇಳಿಯುವುದು ಹೀಗೇ.

ಟಫನ್ಡ್ ಗಾಜನ್ನು ಒಮ್ಮೆ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲೂ ಬರುವುದಿಲ್ಲ. ಆದ್ದರಿಂದ ಚೌಕಟ್ಟು ಪೂರ್ತಿಯಾಗಿ ನಿಂತ ಮೇಲೆಯೇ ಅಳತೆ ಕೊಡಿ. ಕಾಗದದ ಮೇಲಿನ ಅಳತೆ ಕೊಟ್ಟು ನಾನೇ ಎರಡು ಗಾಜು ಮೂಲೆಗೆ ಹಾಕಿದ್ದೇನೆ. ಗಾಡಿಯ ಅಳತೆಗಿಂತ 3 ಮಿಲಿಮೀಟರ್ ಕಡಿಮೆ ಹೇಳಿ.

ಗೊಂಬೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಶೋಕೇಸ್ ಇರುವುದೇ ಅವಕ್ಕಾಗಿ. “ಧೂಳು, ತೇವ ಹೋಗದ ಹಾಗೆ ಬಿಗಿಯಾಗಿ ಮುಚ್ಚಿ” ಅನ್ನುವ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ಮನೆಯಲ್ಲಿ ಮಾಡಿದ ಯಾವ ಶೋಕೇಸೂ ಅಷ್ಟು ಬಿಗಿಯಾಗುವುದಿಲ್ಲ. ಜುಲೈ ತಿಂಗಳ ತೇವ ನಿಧಾನಕ್ಕೆ ಒಳಗೆ ಹೋಗಿಯೇ ಹೋಗುತ್ತದೆ, ಹೊರಗೆ ಬರಲು ಮಾತ್ರ ದಾರಿ ಇರುವುದಿಲ್ಲ. ಆಗ ಮಣ್ಣಿನ ಗೊಂಬೆಯ ಬಣ್ಣಕ್ಕೂ ಪಟ್ಟದ ಗೊಂಬೆಯ ಸೀರೆಗೂ ಬೂಷ್ಟು. ಹಿಂಬದಿಯ ಪ್ಲೈನಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು ತೂತು ಕೊರೆದು ಒಳಗಿನಿಂದ ಸಣ್ಣ ಜಾಲರಿ ಬಡಿಯಿರಿ. ಧೂಳು ಸ್ವಲ್ಪ ಬರುತ್ತದೆ, ವರ್ಷಕ್ಕೆರಡು ಸಲ ಒರೆಸಿದರಾಯಿತು. ಸಿಲಿಕಾ ಜೆಲ್ ಪೊಟ್ಟಣ ಇಡುವುದಾದರೆ ಆಗಾಗ ತೆಗೆದು ಒಣಗಿಸಬೇಕು, ಇಲ್ಲದಿದ್ದರೆ ಕೆಲವೇ ದಿನಕ್ಕೆ ಅದು ಬರೀ ಹರಳು. ನುಸಿಗುಳಿಗೆಯನ್ನು ಪ್ಲಾಸ್ಟಿಕ್ ಗೊಂಬೆಗಳ ಹತ್ತಿರ ಇಡಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತದೆ.

ದೀಪಕ್ಕೆ ಎಲ್‌ಇಡಿ ಪಟ್ಟಿ ಸಾಕು. ಹಳೆಯ ಹ್ಯಾಲೊಜನ್ ಬಲ್ಬು ಬೇಡವೇ ಬೇಡ. ಚನ್ನಪಟ್ಟಣದ ಗೊಂಬೆಗಳಿಗೆ ಆಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಆ ಬಿಸಿಗೆ ಕರಗಿಸಿ ಬಣ್ಣ ಹಿಡಿಸುತ್ತಾರೆ. ಬಿಸಿಗೆ ಕರಗಿ ಬಂದದ್ದು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಕಿಟಕಿಯ ನೇರ ಬಿಸಿಲು ಬೀಳುವ ಜಾಗವೂ ಬೇಡ. ಬಣ್ಣ ಮಾಸುತ್ತದೆ, ಹಲಸಿನ ಮರವೂ ಒಂದೊಂದು ಕಡೆ ಒಂದೊಂದು ರೀತಿ ಕಪ್ಪಾಗುತ್ತದೆ. ಹಲಸು ಈಗ ಹಳದಿ ಕಂಡರೂ ಬೆಳಕಿಗೆ ನಾಲ್ಕೈದು ವರ್ಷದಲ್ಲಿ ಜೇನುಕಂದಾಗುತ್ತದೆ. ಸ್ಟೇನ್ ಹಾಕಿ ಈಗಲೇ ಕಂದು ಮಾಡಬೇಡಿ, ಆಮೇಲೆ ಇನ್ನೂ ಕಪ್ಪಾಗಿ ಬೇಜಾರಾಗುತ್ತದೆ.

ಪಾಲಿಶ್ ಆದ ಮೇಲೆ ಎರಡು ಮೂರು ವಾರ ಬಾಗಿಲು ತೆರೆದೇ ಬಿಡಿ. ಹೊಸ ಮರ, ಹೊಸ ಬಣ್ಣ ಬಿಡುವ ಹುಳಿ ಆವಿಗೆ ಮುಚ್ಚಿದ ಪೆಟ್ಟಿಗೆಯೊಳಗಿನ ಲೋಹ ಬೇಗ ಮಂಕಾಗುತ್ತದೆ. ಬೆಳ್ಳಿ ಸಾಮಾನು ಇಡುವುದಾದರೆ ಕೆಳಗೆ ಉಣ್ಣೆ ಬಟ್ಟೆ, ರಬ್ಬರ್ ಹಾಸಬೇಡಿ. ಅವುಗಳಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಬಿಳಿ ಹತ್ತಿ ಬಟ್ಟೆ ಸಾಕು. ಪಾಲಿಶ್ ಯಾವುದು ಅಂದರೆ, ಅರಗಿನ ಫ್ರೆಂಚ್ ಪಾಲಿಶ್ ಹಚ್ಚುವುದು ಸುಲಭ, ಕೆಟ್ಟರೆ ಮತ್ತೆ ಹಚ್ಚಬಹುದು, ಆದರೆ ನೀರು ನಿಂತ ಕಡೆ ಬೆಳ್ಳಗಾಗುತ್ತದೆ. ಪಿಯು (ಪಾಲಿಯುರೆಥೇನ್ ಪಾಲಿಶ್) ಗಟ್ಟಿ, ಆದರೆ ತಪ್ಪಾದರೆ ಉಜ್ಜಿ ತೆಗೆಯುವುದು ದೊಡ್ಡ ಕೆಲಸ. ನಿಮ್ಮ ಮನೆಗೆ ಕಾಲುಗಳಿಗೆ ಪಿಯು, ಉಳಿದದ್ದಕ್ಕೆ ಫ್ರೆಂಚ್ ಪಾಲಿಶ್ ಸಾಕು ಅನಿಸುತ್ತದೆ. ಕಾಣುವ ಬದಿಗೆ ಎಷ್ಟು ಸಲ ಹಚ್ಚುತ್ತೀರೋ ಕಾಣದ ಬದಿಗೂ ಅಷ್ಟೇ ಸಲ ಹಚ್ಚಿ. ಇಲ್ಲದಿದ್ದರೆ ಒಂದು ಬದಿ ತೇವ ಕುಡಿದು ಇನ್ನೊಂದು ಬದಿ ಕುಡಿಯದೆ ಪಟ್ಟಿ ಬಾಗುತ್ತದೆ.

ದಸರಾಕ್ಕೆ ಆಗುತ್ತಾ? ಆಗುತ್ತದೆ, ಒಣಗಿದರೆ. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಅಡಿಕೆ ತೂಗುವ ಯಂತ್ರ ಇರುತ್ತದಲ್ಲ, ಅದೇ ಸಾಕು. ನಡುವಿನ ಒಂದು ಹಲಗೆಗೆ ಗುರುತು ಹಾಕಿ, ವಾರಕ್ಕೊಮ್ಮೆ ತೂಕ ಬರೆದಿಡಿ. ಎರಡು ಮೂರು ವಾರ ತೂಕ ಇಳಿಯದೆ ನಿಂತರೆ ಗಾಳಿಗೆ ಒಣಗುವಷ್ಟು ಒಣಗಿದೆ ಎಂದರ್ಥ. ಏಪ್ರಿಲ್ ಕೊನೆಗೆ ಅಲ್ಲಿಗೆ ಬರಬಹುದು. ಆಮೇಲೆ ಹಲಗೆಗಳನ್ನು ಶೋಕೇಸ್ ಇಡುವ ಕೋಣೆಗೇ ತಂದು ಎರಡು ವಾರ ಬಿಡಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಜೋಡಿಸಿ. ಆ ಹೊತ್ತಿಗೆ ಮರ ಅತಿ ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಬಾಗಿಲು ಮತ್ತು ಚೌಕಟ್ಟಿನ ನಡುವೆ, ಎರಡು ಬಾಗಿಲು ಸೇರುವ ಕಡೆ, ಎರಡೂವರೆ ಮಿಲಿಮೀಟರ್ ಸಂದು ಬಿಡಿ. ಮೇ ತಿಂಗಳಲ್ಲಿ ಸಡಿಲ ಕಾಣುತ್ತದೆ. ಆಚಾರ್ರು ನೋಡಿ ನಗಬಹುದು. ಆಗಸ್ಟ್‌ನಲ್ಲಿ ಸರಿಹೋಗುತ್ತದೆ. ಏಪ್ರಿಲ್ ಕೊನೆಗೂ ತೂಕ ಇಳಿಯುತ್ತಲೇ ಇದ್ದರೆ ಈ ವರ್ಷ ಬಿಟ್ಟುಬಿಡಿ, ಹಳೆಯ ಮೆಟ್ಟಿಲ ಮೇಲೇ ಗೊಂಬೆ ಕೂರಿಸಿ.

ಯಜಮಾನರ ವಿಚಾರ. ಹಲಗೆಗಳನ್ನು ಒಂದೇ ದಪ್ಪಕ್ಕೆ ತರುವ ಕೆಲಸವನ್ನು ಸಾಮಿಲ್ಲಿನ ಮೆಷಿನ್ನಿಗೇ ಕೊಡಿ. ಕೈಯಲ್ಲಿ ಅದು ವಾರಗಟ್ಟಲೆಯ ಕೆಲಸ, ಹಲಸಿನ ಧೂಳಿಗೆ ಮೂಗೂ ಕೆರಳುತ್ತದೆ, ಮಾಸ್ಕ್ ಇರಲಿ. ಚೌಕಟ್ಟನ್ನು ಅವರೇ ಮಾಡಲಿ: ಪಟ್ಟಿಗಳ ತುದಿಯನ್ನು ಅರ್ಧರ್ಧ ದಪ್ಪ ಕತ್ತರಿಸಿ ಒಂದರ ಮೇಲೊಂದು ಕೂರಿಸಿ, ಅಂಟು ಮತ್ತು ಹಿಂದಿನಿಂದ ಎರಡು ಸ್ಕ್ರೂ. ಅಂಟು ಒಣಗುವ ಮುಂಚೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಲಿ. ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ಮೂಲೆಮಟ್ಟಕ್ಕಿದೆ. ಬಾಗಿಲುಗಳನ್ನು ಮಾತ್ರ ಆಚಾರ್ರಿಗೆ ಬಿಡಿ. ಗಾಜಿನ ಬಾಗಿಲು ಕೂದಲೆಳೆಯಷ್ಟು ತಿರುಚಿದರೂ ಮುಚ್ಚಿದಾಗ ಒಂದು ಮೂಲೆ ಹೊರಗೇ ನಿಲ್ಲುತ್ತದೆ, ಅದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ.

ಕಾಲು ನೆಲದಿಂದ ನಾಲ್ಕು ಇಂಚು ಎತ್ತರ ಇರಲಿ, ಮಳೆಗಾಲದಲ್ಲಿ ಕೆಂಪು ನೆಲ ಬೆವರುವುದು ನಿಮಗೆ ಗೊತ್ತೇ ಇದೆ. ಹೊರಗೋಡೆಗೆ ತಾಗಿಸದೆ ಒಂದೂವರೆ ಇಂಚು ಬಿಡಿ. ಆ ಜಾಗದಲ್ಲೇ, ಮೇಲಿನ ಎರಡು ಮೂಲೆಯಿಂದ ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ. ಆರಡಿ ಎತ್ತರ, ಒಂದಡಿ ಆಳದ ಗಾಜಿನ ಪೆಟ್ಟಿಗೆಯ ಬಾಗಿಲಿಗೆ ಮೊಮ್ಮಗು ಜೋತು ಬಿದ್ದರೆ ಅದು ಮುಂದಕ್ಕೆ ಬರುತ್ತದೆ. ಗೊಂಬೆ ಜೋಡಿಸುವ ಮುಂಚೆಯೇ ಈ ಪಟ್ಟಿ ಹಾಕಿರಬೇಕು.